ಮಣ್ಣಿನ ಗೋಡೆಗೆ ಶೆಲ್ಫ್ ಹಾಕಿದ ಕಥೆ

ನಮಸ್ಕಾರ, ಬನ್ನಿ ಒಳಗೆ. ಇದು ನಮ್ಮ ಆಲ್ದೂರಿನ ಮನೆ ತಲೆಬಾಗಿಲು. ಮಳೆಗಾಲದಲ್ಲಿ ಈ ಜಾಗದ ಅವಸ್ಥೆ ಹೆಂಗಿರುತ್ತೆ ಅಂತ ಮಲೆನಾಡಿನವರಿಗೆ ಹೇಳ್ಬೇಕಾಗಿಲ್ಲ. ಕೊಡೆ, ಟಾರ್ಚು, ರೈನ್‌ಕೋಟು, ಬೈಕ್ ಕೀ, ತೋಟಕ್ಕೆ ಹೋಗೋವಾಗ ಇಂಬಳಕ್ಕೆ ಬೇಕಾಗೋ ಉಪ್ಪಿನ ಡಬ್ಬಿ, ಎಲ್ಲಾ ಆ ಕಿಟಕಿ ದಂಡೆ ಮೇಲೆ. ಅದಕ್ಕೇ ಈ ಶೆಲ್ಫು. ಮೇಲೊಂದು ಹಲಗೆ, ಹಿಂದೊಂದು ಹಲಗೆ, ಅದಕ್ಕೆ ನಾಲ್ಕು ಹಿತ್ತಾಳೆ ಕೊಕ್ಕೆ. ಡ್ರಾಯರ್ ಇಡೋಣ ಅಂತಿತ್ತು, ಬಿಟ್ಟೆ. ಮಳೆಗಾಲಕ್ಕೆ ಮರ ಅಗಲಕ್ಕೆ ಉಬ್ಬುತ್ತೆ, ಜುಲೈನಲ್ಲಿ ಎಳೆದ್ರೆ ಬರಲ್ಲ. ನಮ್ಮ ಅಡುಗೆಮನೆ ಬಾಗಿಲು ಹಂಗೇ ಆಗಿದೆ.

ಅಳತೆ 30 ಇಂಚು ಉದ್ದ, 7 ಇಂಚು ಅಗಲ. ಮೊದಲು 9 ಇಂಚು ಅಂದ್ಕೊಂಡು, ರಟ್ಟು ಕತ್ತರಿಸಿ ಗೋಡೆಗೆ ಅಂಟಿಸಿ ಒಂದು ವಾರ ಬಿಟ್ಟಿದ್ದೆ. ಅಪ್ಪ ಹೆಗಲ ಮೇಲೆ ಚೀಲ ಹೊತ್ತು ಒಳಗೆ ಬಂದಾಗೆಲ್ಲ ತಾಗ್ತಿತ್ತು. ಅದಕ್ಕೆ ಎರಡಿಂಚು ಕಮ್ಮಿ.

ಮರ ಸಿಲ್ವರ್ ಓಕ್. ನಮ್ಮ ತೋಟದ್ದೇ, ಗಾಳಿಗೆ ಬಿದ್ದಿದ್ದನ್ನ ಕೊಯ್ಸಿ ಎರಡು ವರ್ಷ ಅಟ್ಟದ ಮೇಲೆ ಒಣಗಿಸಿದ್ವಿ. ಹಿಂದಿನ ವಿಡಿಯೋದಲ್ಲಿ ಇದನ್ನ ಪ್ಯಾಕಿಂಗ್ ಪೆಟ್ಟಿಗೆ ಮರ ಅಂದಿದ್ದೆ. ತಪ್ಪಾಯ್ತು, ಆ ಮಾತು ವಾಪಸ್. ಕೀಸುಳಿ ಹೊಡೆದ ಮೇಲೆ ನೋಡಿ, ಹತ್ತಿರ ತೋರಿಸ್ತೀನಿ. ಮೈತುಂಬಾ ಜಾಲರಿ ಥರ ಚುಕ್ಕೆ, ಓರೆ ಹಿಡಿದ್ರೆ ಒಂದೊಂದೂ ಮಿನುಗುತ್ತೆ. ತಿರುಳಿನಿಂದ ತೊಗಟೆ ಕಡೆಗೆ ನೇರ ಕೊಯ್ದ ಹಲಗೆಯಲ್ಲಿ ಇದು ಇಷ್ಟು ಚೆನ್ನಾಗಿ ಕಾಣೋದು. ಹೆಸರಲ್ಲಿ ಓಕ್ ಇದೆ, ಆದ್ರೆ ಓಕ್ ಕುಟುಂಬದ್ದೇ ಅಲ್ಲ, ಆಸ್ಟ್ರೇಲಿಯಾದ ಮರ. ಕಾಫಿಗೆ ನೆರಳು ಅಂತ ನೆಟ್ಟಿದ್ದು, ಈಗ ಮೆಣಸಿನ ಬಳ್ಳಿಗೂ ಅದೇ ಆಸರೆ. ಒಂದು ಮಾತು, ಉಜ್ಜುವಾಗ ಮಾಸ್ಕು, ತುಂಬು ತೋಳಿನ ಅಂಗಿ ಹಾಕ್ಕೊಳ್ಳಿ. ಇದರ ಧೂಳು ಕೆಲವರ ಮೈಗೆ ಆಗಲ್ಲ. ನಂಗೆ ಎರಡು ದಿನ ಮುಂಗೈ ತುರಿಕೆ.

ಈಗ ಗೋಡೆ. ಇಲ್ಲಿ ವಿಡಿಯೋ ಓಡಿಸಿಲ್ಲ, ಪೂರ್ತಿ ನೋಡಿ. ಅಜ್ಜ ಕಟ್ಟಿಸಿದ ಮಣ್ಣಿನ ಗೋಡೆ, ಒಂದೂವರೆ ಅಡಿ ದಪ್ಪ, ಮೇಲೆ ಸುಣ್ಣದ ಗಾರೆ. ಡ್ರಿಲ್ ಇಟ್ಟೆ. ಅವಲಕ್ಕಿ ಮೂಟೆಗೆ ಬೆರಳು ಹಾಕಿದ ಹಾಗೆ ಒಳಗೆ ಹೋಯ್ತು. ಸ್ಕ್ರೂ ಹಿಡ್ಕೊಳ್ಳೋಕೆ ತೂತಿಗೆ ತುರುಕೋ ಪ್ಲಗ್ ಹಾಕಿ ಸ್ಕ್ರೂ ತಿರುಗಿಸ್ತೀನಿ, ಪ್ಲಗ್ಗೂ ಜೊತೆಗೇ ತಿರುಗ್ತಾ ಇದೆ. ಸ್ವಲ್ಪ ಎಳೆದೆ ಅಷ್ಟೇ, ಅಂಗೈಯಗಲ ಗಾರೆ ಕಿತ್ತು ಬಂತು. ಆರಿಂಚು ಪಕ್ಕಕ್ಕೆ ಇನ್ನೊಂದು ತೂತು, ಅದೂ ಹಂಗೇ. ಅಂಗಡಿಯವರು ಮಣ್ಣಿನ ಗೋಡೆಗೂ ನಡಿಯುತ್ತೆ ಅಂತ ಹೇಳಿ 120 ರೂಪಾಯಿ ತಗೊಂಡಿದ್ರು. ನಡಿಯಲ್ಲ. ಪ್ಲಗ್ ನಿಲ್ಲೋದು ಅಗಲವಾಗಿ ತೂತಿನ ಪಕ್ಕಗಳನ್ನ ಒತ್ತಿ. ಇಟ್ಟಿಗೆ, ಕಾಂಕ್ರೀಟು ಆ ಒತ್ತಡ ತಡ್ಕೊಳ್ಳುತ್ತೆ, ಮಣ್ಣು ಪುಡಿಯಾಗುತ್ತೆ. ಗೊತ್ತಿಲ್ಲದೇ ಇದ್ರೆ ಗೊತ್ತಿಲ್ಲ ಅನ್ಬೇಕು, ಮಾರಬಾರದು. ಆ ದಿನ ತುಂಬಾ ಬೇಜಾರಾಯ್ತು. ದುಡ್ಡಿಗಲ್ಲ, ಅಜ್ಜನ ಗೋಡೆ ಅದು. ಈ ತೂತಿನ ಒಳಗೆ ನೋಡಿ, ಮಣ್ಣಿಗೆ ಕಲಸಿದ ಹುಲ್ಲಿನ ಎಳೆ, ಇನ್ನೂ ಹಳದಿಗೇ ಇದೆ.

ಅಜ್ಜಿ ಬಂದು ನೋಡಿ, "ಗೂಟ ಹೂಡೋ ಮಗಾ. ನಿಮ್ಮಜ್ಜ ನೊಗ ನೇತುಹಾಕ್ತಿದ್ದಿದ್ದು ಯಾವ ಪ್ಲಗ್ಗಿಗೆ?" ಅಂದ್ರು. ಹಿತ್ತಲ ಕಡೆ ಗೋಡೆಯಲ್ಲಿ ಆ ಗೂಟ ಈಗ್ಲೂ ಇದೆ, ನಾನು ಜೋತುಬಿದ್ರೂ ಅಲ್ಲಾಡಲ್ಲ. ಮಾರನೇ ದಿನ ಆಚಾರ್ರನ್ನ ಕರೆಸಿ, ಹಳೇ ಪಕಾಸಿ, ಅಂದ್ರೆ ಮಾಡಿನ ಮರದ ತುಂಡಲ್ಲಿ ಮೂರು ಗೂಟ ಮಾಡಿಸಿದೆ. ನಾಲ್ಕಿಂಚು ಉದ್ದ, ಒಳಗಿನ ತುದಿ ದಪ್ಪ, ಹೊರಗಿನ ತುದಿ ಸಣ್ಣ. ಹಂಗಿದ್ರೆ ಎಳೆದಷ್ಟೂ ಬಿಗಿ. "ನೀರು ಚಿಮುಕಿಸ್ರೀ ಮೊದ್ಲು, ಒಣ ಮಣ್ಣು ಗಾರೆಯ ನೀರೆಲ್ಲಾ ಕುಡಿಯುತ್ತೆ" ಅಂತ ಆಚಾರ್ರು ಎರಡು ಸಲ ಹೇಳಿದ್ರು. ತೂತಿಗೆ ಗೂಟ ಇಟ್ಟು, ಸುತ್ತ ಸುಣ್ಣದ ಗಾರೆ ತುಂಬಿ ಎರಡು ವಾರ ಮುಟ್ಟಲಿಲ್ಲ.

ಆಮೇಲಿನದ್ದು ಸಲೀಸು. 45 ಡಿಗ್ರಿ ಓರೆ ಕೊಯ್ದ ಎರಡು ಪಟ್ಟಿ, ಒಂದು ಗೂಟಗಳಿಗೆ, ಇನ್ನೊಂದು ಶೆಲ್ಫಿನ ಬೆನ್ನಿಗೆ. ಒಂದರ ಮೇಲೊಂದು ಕೂತ್ರೆ ಆಯ್ತು. ಹಿಂದೆ ಮುಕ್ಕಾಲು ಇಂಚು ಸಂದು ಉಳಿಯುತ್ತೆ, ಗಾಳಿ ಆಡುತ್ತೆ, ಬೂಷ್ಟು ಹಿಡಿಯೋದು ಕಮ್ಮಿ. ಸುಣ್ಣ ಹೊಡಿಯೋವಾಗ ಎತ್ತಿ ಕೆಳಗಿಡಬಹುದು. ಮೇಲೆ ಅಗಸೆ ಎಣ್ಣೆ. ಎಣ್ಣೆ ಒರೆಸಿದ ಬಟ್ಟೆ ಮುದ್ದೆ ಮಾಡಿ ಮೂಲೆಗೆ ಎಸೀಬೇಡಿ, ತಾನಾಗೇ ಬಿಸಿಯಾಗಿ ಬೆಂಕಿ ಹತ್ತಬಹುದು. ಹೊರಗೆ ಹರಡಿ ಒಣಗಿಸಿ.

ಇಗೋ ಅಪ್ಪ ಬಂದ್ರು, ನೆನೆದ ಕೊಡೆ ಕೈಲಿದೆ. ಅಪ್ಪಾ, ಆ ಕೊನೇ ಕೊಕ್ಕೆಗೆ ಹಾಕಿ, ನೀರು ಹೊಸ್ತಿಲ ಕಡೆ ಹೋಗ್ಲಿ. ಹಾಂ, ಅಲ್ಲೇ.