ಬೇರು ಬಿಟ್ಟ ಮೇಲೆ ಗೋಡೆ

ಎಲ್ಲರಿಗೂ ನಮಸ್ಕಾರ. ಇಲ್ಲಿರುವವರೆಲ್ಲ ಸಕ್ಯುಲೆಂಟ್, ಅಂದರೆ ದಪ್ಪ ಎಲೆ-ಕಾಂಡದಲ್ಲಿ ನೀರು ಕೂಡಿಟ್ಟುಕೊಳ್ಳುವ ಗಿಡ, ಬೆಳೆಸುವವರೇ. ಹಾಗಾಗಿ ಗಿಡದ ಪರಿಚಯ ಬಿಟ್ಟು ನೇರವಾಗಿ ಗೋಡೆಗೇ ಬರುತ್ತೇನೆ, ಅಂದರೆ ಮಣ್ಣು ತುಂಬಿದ ಪೆಟ್ಟಿಗೆಯಂಥ ಫ್ರೇಮಿನಲ್ಲಿ ಇವನ್ನು ನೆಟ್ಟು ಮನೆಯ ಗೋಡೆಗೆ ತೂಗುಹಾಕುವ ವಿಷಯಕ್ಕೆ. ಒಂದು ಮಾತನ್ನು ಮತ್ತೆ ಮತ್ತೆ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಬೇರು ಬಿಡುವ ತನಕ ಫ್ರೇಮನ್ನು ನೇತುಹಾಕಬೇಡಿ.

ನನ್ನ ಗೆಳತಿಯೊಬ್ಬಳು ನೆಂಟರು ಬರುತ್ತಾರೆಂದು ಜಾಲರಿ ಹೊಡೆದ ಫ್ರೇಮಿಗೆ ಎಚೆವೇರಿಯಾ ಎಂಬ ಸಕ್ಯುಲೆಂಟಿನ ಕತ್ತರಿಸಿದ ತುಂಡುಗಳನ್ನು ಸಿಕ್ಕಿಸಿ, ಮರುದಿನವೇ ಗೋಡೆಗೆ ಏರಿಸಿದ್ದಳು. ಸಂಜೆ ನೋಡಿದರೆ ಕಣ್ಣಿಗೆ ಹಬ್ಬ. ರಾತ್ರಿ ಶುರುವಾಯಿತು ನೋಡಿ, ಟಪ್, ಟಪ್ ಅಂತ ಒಂದೊಂದೇ ಕೆಳಗೆ. ಬೆಳಿಗ್ಗೆ ನೆಲದ ತುಂಬ ಗಿಡ, ಮಣ್ಣು. ನನಗೆ ಫೋನ್ ಮಾಡಿ, "ಗಮ್ ಹಚ್ಚಿದರೆ ನಿಲ್ಲುತ್ತಾ?" ಅಂತ ಕೇಳಿದಳು! ಹೋಗಿ ಒಂದು ತುಂಡನ್ನು ತಿರುಗಿಸಿ ನೋಡಿದೆ. ಕತ್ತರಿಸಿದ ಜಾಗ ಇನ್ನೂ ಹಸಿ ಹಸಿಯಾಗಿತ್ತು. ಒಂದೆಳೆ ಬೇರೂ ಇರಲಿಲ್ಲ. ಅವೇ ತುಂಡುಗಳನ್ನು ನೆರಳಲ್ಲಿ ಹರಡಿದೆವು. ಕೆಲವು ದಿನದಲ್ಲಿ ಗಾಯದ ಮೇಲೆ ಒಣ ಪೊರೆ ಕಟ್ಟಿತು. ಆಮೇಲೆ ಮತ್ತೆ ನೆಟ್ಟು, ಫ್ರೇಮನ್ನು ಮೇಜಿನ ಮೇಲೆ ಮಲಗಿಸಿಯೇ ಇಟ್ಟೆವು. ವಾರಗಳು ಕಳೆದ ಮೇಲೆ ಒಂದನ್ನು ಮೆಲ್ಲಗೆ ಎಳೆದರೆ ಬರಲೇ ಇಲ್ಲ. ಆಗ ನೇತುಹಾಕಿದೆವು. ಅದೇ ಗಿಡ, ಅದೇ ಮಣ್ಣು, ಅದೇ ಗೋಡೆ.

ಬೇರು ಹಿಡಿಯಲು ಸಾಮಾನ್ಯವಾಗಿ 6ರಿಂದ 8 ವಾರ ಬೇಕು. ಪೆಟ್ಟಿಗೆ 2-3 ಇಂಚು ಆಳವಿದ್ದರೆ ಸಾಕು. ಮಣ್ಣಿನ ಮಿಶ್ರಣದಲ್ಲಿ ಅರ್ಧದಷ್ಟು ದಪ್ಪ ಮರಳು ಅಥವಾ ಪರ್ಲೈಟ್ ಎಂಬ ಹಗುರ ಬಿಳಿ ಹರಳು ಇರಲಿ.

ಸಸ್ಯವಿಜ್ಞಾನಿ ಪ್ಯಾಟ್ರಿಕ್ ಬ್ಲಾಂಕ್ ಅವರ ಹಸಿರು ಗೋಡೆಗಳನ್ನು ನೋಡಿರುತ್ತೀರಿ, ಅಲ್ವಾ? ಅಲ್ಲಿ ಬಟ್ಟೆಯಂಥ ಪದರದ ಮೇಲೆ ನೀರು ಇಳಿಯುತ್ತಲೇ ಇರುತ್ತದೆ. ಅದನ್ನು ಇಲ್ಲಿಗೆ ತರಬೇಡಿ. ನಮ್ಮ ಗಿಡಗಳು ನೀರು ಉಳಿಸಲೆಂದೇ ಹಗಲು ಎಲೆರಂಧ್ರ, ಅಂದರೆ ಎಲೆ ಉಸಿರಾಡುವ ಸಣ್ಣ ತೂತು, ಮುಚ್ಚಿಕೊಂಡು, ರಾತ್ರಿ ತೆರೆಯುವಂಥವು. ನಿಂತ ಪೆಟ್ಟಿಗೆಗೆ ನೀರು ಸುರಿದರೆ ಅದು ಕೆಳಕ್ಕೆ ಇಳಿಯುತ್ತದೆ. ಮೇಲಿನ ಸಾಲು ಬಾಡುತ್ತದೆ, ಕೆಳಗಿನದು ಕೊಳೆಯುತ್ತದೆ. ಮಣ್ಣು ಪೂರ್ತಿ ಒಣಗಿದ ಮೇಲೆ ಫ್ರೇಮನ್ನು ಇಳಿಸಿ, ಮಲಗಿಸಿ, ನೀರು ಹಾಕಿ. ಸೋರುವುದು ನಿಂತ ಮೇಲೆ ತೂಗುಹಾಕಿ. ಬೇರು ಹಿಡಿದಿದ್ದರೆ ಎಷ್ಟು ಸಲ ಇಳಿಸಿ ಏರಿಸಿದರೂ ಗಿಡ ಅಲ್ಲಾಡುವುದಿಲ್ಲ. ಮತ್ತೆ ಅದೇ ಮಾತಿಗೆ ಬಂದೆ, ನೋಡಿ.

ಸಮಯ ಮುಗಿಯಿತು ಅಂತ ಚೀಟಿ ಬಂದಿದೆ. ಬೆಳಕಿನ ಬಗ್ಗೆ ಅರ್ಧ ಗಂಟೆ ಮಾತಾಡಬೇಕಿತ್ತು, ಎರಡೇ ಮಾತು ಹೇಳುತ್ತೇನೆ. ಕಿಟಕಿಯಿಂದ ದೂರ ಸರಿದಷ್ಟೂ ಬೆಳಕು ಬೇಗ ಕುಸಿಯುತ್ತದೆ. ಅಲ್ಲಿ ಎಚೆವೇರಿಯಾ ಉದ್ದುದ್ದ ಬೆಳೆದು ರೂಪ ಕೆಡುತ್ತದೆ. ಹಾವೋರ್ಥಿಯಾ, ಗ್ಯಾಸ್ಟೀರಿಯಾ ಎಂಬ ಸಕ್ಯುಲೆಂಟ್‌ಗಳು ಕಡಿಮೆ ಬೆಳಕನ್ನು ತಡೆದುಕೊಳ್ಳುತ್ತವೆ. ಉಳಿದವಕ್ಕೆ ದಿನಕ್ಕೆ ಸುಮಾರು 12 ಗಂಟೆ ಗಿಡಗಳಿಗೆಂದೇ ಬರುವ ಎಲ್‌ಇಡಿ ದೀಪ ಹಾಕಿ. ಫ್ರೇಮಿನ ಹಿಂದೆ ಪ್ಲಾಸ್ಟಿಕ್ ಹಾಳೆ ಇರಲಿ. ಒದ್ದೆ ಮಣ್ಣು ಭಾರ, ಸುಮ್ನೆ ಒಂದು ಮೊಳೆಗೆ ತೂಗುಹಾಕಬೇಡಿ. ಗಟ್ಟಿ ಸ್ಕ್ರೂ ಹಾಕಿಸಿ.

ಹಿಂದಿನ ಸಾಲಿನಲ್ಲಿ ಆಗಿನಿಂದ ಕೈ ಎತ್ತಿದ್ದೀರಿ, ಕೇಳಿ.