ಪಂಜರಕ್ಕೊಂದು ಪಾದ

ಕೇಳುಗರಿಗೆ ನಮಸ್ಕಾರ.

ಈ ವೇಳೆಯಲ್ಲಿ ಅಡಿಕೆಯ ಕೊಳೆರೋಗದ ಬಗ್ಗೆ, ಮಕ್ಕಳ ಹಲ್ಲಿನ ಬಗ್ಗೆ ಮಾತು ಕೇಳಿ ಅಭ್ಯಾಸವಾದವರು ಇವತ್ತು ಸ್ವಲ್ಪ ಸಹಿಸಿಕೊಳ್ಳಬೇಕು. ನಾನು ಕಬ್ಬಿಣದ ಮನುಷ್ಯ. ಬಹಳ ವರ್ಷ ಐಟಿಐಯಲ್ಲಿ ವೆಲ್ಡಿಂಗ್ ಕಲಿಸಿದೆ. ನಿವೃತ್ತಿಯಾದ ಮೇಲೆ ಬೆಂಗಳೂರಿನ ಪೀಣ್ಯದಲ್ಲಿ ಸಣ್ಣ ಶೆಡ್ ಒಂದನ್ನು ಹಾಕಿಕೊಂಡು ರೇಸ್ ಕಾರುಗಳ ಒಳಗೆ ಪಂಜರ ಕಟ್ಟುತ್ತಿದ್ದೇನೆ. ಇಂಗ್ಲಿಷಿನಲ್ಲಿ ಅದಕ್ಕೆ ರೋಲ್ ಕೇಜ್ ಎನ್ನುತ್ತಾರೆ. ಕಾರು ಪಲ್ಟಿಯಾದರೆ ಚಾವಣಿ ಕುಸಿದು ಒಳಗಿರುವವನ ಮೇಲೆ ಬೀಳದಂತೆ ತಡೆಯುವ ಪೈಪಿನ ಚೌಕಟ್ಟು ಅದು.

ಯಾವುದೋ ಗ್ಯಾರೇಜಿನ ಮೂಲೆಯಲ್ಲಿ, ಎಣ್ಣೆ ಮೆತ್ತಿದ ರೇಡಿಯೊ ಹಚ್ಚಿಕೊಂಡು, ಈ ಭಾಷಣ ಮುಗಿದು ಹಾಡು ಯಾವಾಗ ಬರುತ್ತದೋ ಎಂದು ಕಾಯುತ್ತಿರುವ ಹುಡುಗ ನನ್ನ ಕಣ್ಣ ಮುಂದಿದ್ದಾನೆ. ಅವನಿಗೆ ಈ ಮಾತು. ಅವನು ರಾತ್ರಿ ಹನ್ನೊಂದರವರೆಗೆ ಆ ಹಳೆಯ ಕಾರಿನಲ್ಲಿ ಏನು ಮಾಡುತ್ತಾನೋ ಎಂದು ಗೊಣಗುವ ಅವನ ತಾಯಿಗೂ ಈ ಮಾತು.

ಇವತ್ತು ನಾನು ಹೇಳುವುದು ಡ್ರ್ಯಾಗ್ ರೇಸ್ ಕಾರಿನ ಪಂಜರದ ಬಗ್ಗೆ. ಡ್ರ್ಯಾಗ್ ರೇಸ್ ಎಂದರೇನು? ನೇರ ದಾರಿ, ಎರಡು ಕಾರು, ಕಾಲು ಮೈಲಿ. ಅಂದರೆ 402 ಮೀಟರ್. ತಿರುವು ಇಲ್ಲ, ಏರು ಇಲ್ಲ. ಮೊದಲು ತಲುಪಿದವನು ಗೆದ್ದ. ನಮ್ಮ ದೇಶದಲ್ಲಿ ಇದಕ್ಕೆ ಸಿಕ್ಕಿದ್ದು ಹೆಚ್ಚಾಗಿ ವಿಮಾನ ಇಳಿಯುವ ಪಟ್ಟಿಗಳೇ. ಲೋನಾವಳದ ಬಳಿ ಆಂಬಿ ವ್ಯಾಲಿಯ ಪಟ್ಟಿಯಲ್ಲಿ ನಡೆದ ಸ್ಪರ್ಧೆಗಳಿಗೆ ನಮ್ಮ ಬೆಂಗಳೂರಿನ ಹುಡುಗರು ಕಾರನ್ನು ಲಾರಿಯ ಮೇಲೆ ಹೇರಿಕೊಂಡು ಹೋಗಿದ್ದಾರೆ. ನೇರ ದಾರಿ ತಾನೇ, ಅದರಲ್ಲೇನು ಅಪಾಯ ಎಂದು ಕೇಳುವವರಿದ್ದಾರೆ. ವೇಗ ಎರಡು ಪಟ್ಟಾದರೆ ಡಿಕ್ಕಿಯ ಪೆಟ್ಟು ನಾಲ್ಕು ಪಟ್ಟಾಗುತ್ತದೆ. ಕೊನೆಯ ಗೆರೆ ದಾಟುವಾಗ ಒಂದು ಟೈರ್ ಒಡೆದರೆ ಸಾಕು, ನೇರ ದಾರಿ ನೇರವಾಗಿ ಉಳಿಯುವುದಿಲ್ಲ.

ಇಷ್ಟು ಪೀಠಿಕೆ ಸಾಕು. ನಾನು ಹೇಳಬೇಕಾದದ್ದು ಒಂದೇ ಒಂದು ಮಾತು. ಪಂಜರ ಕಟ್ಟುವಾಗ ಮೊದಲು ಪಾದ ನೋಡಿ. ಪೈಪ್ ಯಾವುದು, ದಪ್ಪವೆಷ್ಟು, ಬಣ್ಣವೇನು ಎಂಬುದೆಲ್ಲ ಆಮೇಲೆ. ಆ ಪೈಪು ಕಾರಿನ ನೆಲದ ಮೇಲೆ ಎಲ್ಲಿ ನಿಂತಿದೆ, ಹೇಗೆ ನಿಂತಿದೆ? ಅದನ್ನು ಮೊದಲು ನೋಡಿ.

ಯಾಕೆ ಎಂದರೆ, ನಮ್ಮ ಸಣ್ಣ ಕಾರುಗಳಿಗೆ ಲಾರಿಗಿರುವಂತೆ ಕೆಳಗೆ ಉದ್ದನೆಯ ಗಟ್ಟಿ ಚಾಸಿ ಇರುವುದಿಲ್ಲ. ತಗಡನ್ನು ಮಡಚಿ, ಪೆಟ್ಟಿಗೆ ಮಾಡಿ, ಚುಕ್ಕೆ ಚುಕ್ಕೆಯಾಗಿ ಸ್ಪಾಟ್ ವೆಲ್ಡ್ ಹೊಡೆದು ಮಾಡಿದ ದೇಹವೇ ಚಾಸಿ. ನೆಲದ ತಗಡು ಒಂದು ಮಿಲಿಮೀಟರ್ ದಪ್ಪವೂ ಇರುವುದಿಲ್ಲ. ಮಳೆ ಬಂದ ಮರುದಿನ ಮದುವೆಯ ಶಾಮಿಯಾನದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂತಿದ್ದೀರಾ? ನಾಲ್ಕು ಕಾಲೂ ಮಣ್ಣಿಗೆ ಇಳಿಯುತ್ತವೆ. ಕುರ್ಚಿ ಮುರಿಯುವುದಿಲ್ಲ. ಆದರೂ ನೀವು ಕೆಳಗೆ ಹೋಗುತ್ತೀರಿ. ತಗಡಿನ ಮೇಲೆ ನಿಲ್ಲಿಸಿದ ಪಂಜರದ ಕತೆಯೂ ಅಷ್ಟೇ.

ಒಂದು ಘಟನೆ ಹೇಳುತ್ತೇನೆ. ಕೆಲವು ವರ್ಷಗಳ ಹಿಂದಿನದು. ಆಷಾಢದ ಮಧ್ಯಾಹ್ನ, ಜಿಟಿಜಿಟಿ ಮಳೆ. ತುಮಕೂರು ಕಡೆಯ ಹುಡುಗನೊಬ್ಬ ಹಳೆಯ ಎಸ್ಟೀಮ್ ಕಾರು ತಂದ. ಎಂಜಿನ್‌ಗೆ ಬಲ ಹೆಚ್ಚಿಸುವ ಟರ್ಬೊ ಕೂರಿಸಿದ್ದ. ಎಲ್ಲವನ್ನೂ ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ತಾನೇ ಮಾಡಿದ್ದ. ಜೊತೆಗೆ ಅವನ ತಂದೆ ಬಂದಿದ್ದರು. ಅಡಿಕೆ ತೋಟದ ಯಜಮಾನರು. ಶೆಡ್ಡಿನ ಬೆಂಚಿನ ಮೇಲೆ ಕೂತು ಟೀ ಕುಡಿಯುತ್ತ ಸುಮ್ಮನೆ ನೋಡುತ್ತಿದ್ದರು.

ಹುಡುಗ ಬಾಗಿಲು ತೆರೆದ. ಕಣ್ಣು ಕೋರೈಸಿತು. ಒಳಗೆಲ್ಲ ಸ್ಟೀಲ್! ಅವರ ಮನೆಯ ಮೆಟ್ಟಿಲಿಗೆ ಕಂಬಿ ಹಾಕಿದವನ ಕೈಯಲ್ಲೇ ಪಂಜರ ಮಾಡಿಸಿದ್ದ. ಒಂದೂವರೆ ಇಂಚಿನ ಎಸ್‌ಎಸ್ ಪೈಪು. ಮುಖ ನೋಡಿಕೊಂಡು ತಲೆ ಬಾಚಬಹುದಾದಷ್ಟು ಪಾಲಿಶ್. ಕೀಲುಗಳನ್ನೆಲ್ಲ ಗ್ರೈಂಡರ್ ಹಿಡಿದು ಎಷ್ಟು ನುಣುಪು ಮಾಡಿದ್ದನೆಂದರೆ ವೆಲ್ಡ್ ಎಲ್ಲಿದೆ ಎಂದು ಹುಡುಕಬೇಕಿತ್ತು. ನುಣುಪು ಮಾಡಿದಾಗ ವೆಲ್ಡೇ ಹೊರಟುಹೋಗಿತ್ತು, ಆ ಮಾತು ಬೇರೆ. ಆ ಕಂಬಿಯವನನ್ನು ನಾನು ಬೈಯುವುದಿಲ್ಲ. ಅವನಿಗೆ ಗೊತ್ತಿರುವುದು ಕಂಬಿ, ಅವನು ಚೆಂದದ ಕಂಬಿ ಮಾಡಿದ.

"ಹೇಗಿದೆ ಸರ್?" ಎಂದ ಹುಡುಗ.

ನಾನು ಏನೂ ಹೇಳಲಿಲ್ಲ. ಕೆಳಗೆ ಬಗ್ಗಿ ಪಾದ ನೋಡಿದೆ. ಮೆಟ್ಟಿಲ ಕಂಬಿಯ ಬುಡಕ್ಕೆ ಮುಚ್ಚುತ್ತಾರಲ್ಲ, ಸ್ಟೀಲಿನ ಸಣ್ಣ ಬಟ್ಟಲು, ಅದನ್ನೇ ಇಲ್ಲಿಯೂ ಮುಚ್ಚಿದ್ದ. ಬಟ್ಟಲನ್ನು ಮೇಲೆ ಸರಿಸಿದರೆ ಒಳಗೆ ಬಿಸ್ಕತ್ತಿನಷ್ಟು ಅಗಲದ ದುಂಡು ಬಿಲ್ಲೆ, ಮೂರು ಸ್ಕ್ರೂ. ಅದರ ಕೆಳಗೆ ಬರಿಯ ತಗಡು.

ನಾನು ಬಾಟಲ್ ಜ್ಯಾಕ್ ತರಿಸಿದೆ. ಕಾರಿನ ಕೆಳಗೆ, ಸರಿಯಾಗಿ ಆ ಪಾದ ಇರುವ ಜಾಗಕ್ಕೆ ಇಟ್ಟೆ. "ಒತ್ತಪ್ಪ" ಎಂದೆ. ಹುಡುಗ ಹಿಡಿ ಒತ್ತಿದ. ನಾಲ್ಕು ಸಲ, ಐದು ಸಲ. ಕಾರು ಏಳಲಿಲ್ಲ. ಏಳಲೇ ಇಲ್ಲ! ನೆಲದ ತಗಡು ಪೂರಿಯ ಹಾಗೆ ಉಬ್ಬಿತು. ಪೈಪು ಮೇಲಕ್ಕೆ ಹೋಗಿ ಚಾವಣಿಗೆ ಟಕ್ ಎಂದು ತಾಗಿತು. ಇನ್ನೆರಡು ಸಲ ಒತ್ತಿದ ಮೇಲೆ ಚಾವಣಿಯಲ್ಲೂ ಒಂದು ಗುಳ್ಳೆ ಎದ್ದಿತು. ಕಾರು ಮಾತ್ರ ಇದ್ದಲ್ಲೇ ಇತ್ತು.

ಹುಡುಗನ ಮುಖ ಸಣ್ಣದಾಯಿತು. ಆಗ ಬೆಂಚಿನ ಮೇಲಿದ್ದ ಯಜಮಾನರು ಲೋಟ ಕೆಳಗಿಟ್ಟು ಮೊದಲ ಬಾರಿಗೆ ಬಾಯಿ ತೆರೆದರು. "ಗುಂಡಿ ತೋಡದೆ ಚಪ್ಪರದ ಗೂಟ ನಿಲ್ಲಿಸಿದ್ದೀಯಲ್ಲೋ" ಎಂದರು.

ನಾನು ಇಷ್ಟು ವರ್ಷ ಕಪ್ಪು ಹಲಗೆಯ ಮೇಲೆ ಬರೆದು ಬರೆದು ಹೇಳಿದ್ದನ್ನು ಅವರು ಒಂದೇ ಸಾಲಿನಲ್ಲಿ ಮುಗಿಸಿದರು. ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ ಹೇಳಲಿ.

ಹಾಗಾದರೆ ಗುಂಡಿ ತೋಡುವುದು ಹೇಗೆ? ನನ್ನ ಶೆಡ್ಡಿನ ಗೋಡೆಗೆ ಒಂದು ಹಳೆಯ ಅಂಚೆ ಕಾರ್ಡನ್ನು ಮೊಳೆ ಹೊಡೆದು ಇಟ್ಟಿದ್ದೇನೆ. ಅದು 14 ಸೆಂಟಿಮೀಟರ್ ಉದ್ದ, 9 ಸೆಂಟಿಮೀಟರ್ ಅಗಲ. ಗುಣಿಸಿದರೆ 126 ಚದರ ಸೆಂಟಿಮೀಟರ್. ಅಂತರರಾಷ್ಟ್ರೀಯ ಮೋಟಾರ್ ಸಂಸ್ಥೆ ಎಫ್‌ಐಎ ತನ್ನ ನಿಯಮದಲ್ಲಿ ಮುಖ್ಯ ಕಮಾನಿನ, ಅಂದರೆ ಸೀಟಿನ ಹಿಂದೆ ಅಡ್ಡಕ್ಕೆ ನಿಲ್ಲುವ ದೊಡ್ಡ ಪೈಪಿನ, ಪ್ರತಿ ಪಾದದ ಕೆಳಗೆ ಕನಿಷ್ಠ 120 ಚದರ ಸೆಂಟಿಮೀಟರಿನ, 3 ಮಿಲಿಮೀಟರ್ ದಪ್ಪದ ಉಕ್ಕಿನ ಪ್ಲೇಟ್ ಕೇಳುತ್ತದೆ. ಸ್ಕೇಲ್ ಇಲ್ಲದಿದ್ದರೂ ನಡೆಯುತ್ತದೆ, ಅಂಚೆ ಕಾರ್ಡನ್ನು ನೆನಪಿಡಿ. ಡ್ರ್ಯಾಗ್ ರೇಸಿನ ತವರು ಅಮೆರಿಕದಲ್ಲಿ, 1951ರಲ್ಲಿ ವಾಲಿ ಪಾರ್ಕ್ಸ್ ಕಟ್ಟಿದ ಎನ್‌ಎಚ್‌ಆರ್‌ಎ ಸಂಸ್ಥೆ ಇನ್ನೂ ದೊಡ್ಡ ಪ್ಲೇಟ್ ಕೇಳುತ್ತದೆ. ಆರಿಂಚು ಉದ್ದ, ಆರಿಂಚು ಅಗಲ. ಆ ಜನಕ್ಕೆ ಇದು ಪುಸ್ತಕ ಓದಿ ಬಂದ ಬುದ್ಧಿಯಲ್ಲ, ಪೆಟ್ಟು ತಿಂದು ಬಂದದ್ದು.

ಪ್ಲೇಟ್ ಹಾಕಿದರೆ ಸಾಲದು, ಅದು ಎಲ್ಲಿ ಕೂರಬೇಕು ಎಂಬುದೂ ಮುಖ್ಯ. ಬಾಗಿಲ ಕೆಳಗೆ ಉದ್ದಕ್ಕೆ ಪೆಟ್ಟಿಗೆಯಂತಹ ಭಾಗವಿದೆಯಲ್ಲ, ಹತ್ತುವಾಗ ಕಾಲು ತಾಗುವ ಜಾಗ, ಅದೇ ಸಿಲ್. ಕಾರಿನ ಕೆಳಭಾಗದಲ್ಲಿ ಗಟ್ಟಿ ಎಂದರೆ ಅದೇ. ಪ್ಲೇಟನ್ನು ಎಲ್ ಆಕಾರಕ್ಕೆ ಮಡಚಿ, ಅರ್ಧ ನೆಲಕ್ಕೆ, ಅರ್ಧ ಸಿಲ್‌ನ ಗೋಡೆಗೆ ಹತ್ತಿಸಿ ಸುತ್ತಲೂ ಬೆಸೆಯಬೇಕು. ಅದಕ್ಕೂ ಮೊದಲು ಟಾರ್ ಹಾಳೆ, ಬಣ್ಣ, ತುಕ್ಕು ಎಲ್ಲವನ್ನೂ ಕೆರೆದು ಬಿಳಿ ಲೋಹ ಕಾಣಿಸಬೇಕು. ತುಕ್ಕಿನ ಮೇಲೆ ವೆಲ್ಡ್ ಮಾಡುವುದು ಸಗಣಿ ಸಾರಿಸಿದ ನೆಲಕ್ಕೆ ಟೈಲ್ಸ್ ಅಂಟಿಸಿದ ಹಾಗೆ.

ಈಗ ಒಂದು ಕೈಚಳಕ ಹೇಳುತ್ತೇನೆ, ಹುಡುಗರು ಗಮನವಿಟ್ಟು ಕೇಳಿ. ಚಾವಣಿಗೆ ಅಂಟಿಕೊಂಡಂತೆ ಪೈಪು ಹೋದರೆ ಕೀಲಿನ ಮೇಲ್ಭಾಗಕ್ಕೆ ವೆಲ್ಡಿಂಗ್ ಗನ್ ಹೋಗುವುದಿಲ್ಲ. ಮುಕ್ಕಾಲು ಜನ ಕೆಳಗಿನಿಂದ ಅರ್ಧ ಸುತ್ತು ಬೆಸೆದು, ಮೇಲಿನದ್ದು ಯಾರಿಗೆ ಕಾಣುತ್ತದೆ ಎಂದು ಬಿಟ್ಟುಬಿಡುತ್ತಾರೆ. ಪಲ್ಟಿಯಾದಾಗ ಕಾಣುತ್ತದೆ. ಹಾಗಾಗಿ ನಾವು ಪಂಜರವನ್ನು ನೆಲದ ಮೇಲೆ ನೇರವಾಗಿ ನಿಲ್ಲಿಸುವುದಿಲ್ಲ. ಆ ಪ್ಲೇಟಿನ ಮೇಲೆ, ಪ್ರತಿ ಪಾದದ ಕೆಳಗೆ ಉಕ್ಕಿನ ಸಣ್ಣ ಪೆಟ್ಟಿಗೆಯೊಂದು ಬರುವಂತೆ ಅಳತೆ ಹಿಡಿಯುತ್ತೇವೆ. ದೇವರ ಮೂರ್ತಿಗೆ ಪೀಠ ಇದ್ದ ಹಾಗೆ. ಮೊದಲು ಪೆಟ್ಟಿಗೆ ಇಟ್ಟು, ಅದರ ಮೇಲೆ ಪಂಜರ ನಿಲ್ಲಿಸಿ, ಕೀಲುಗಳಿಗೆಲ್ಲ ಚುಕ್ಕೆ ಹೊಡೆಯುತ್ತೇವೆ. ಆಮೇಲೆ ಪೆಟ್ಟಿಗೆಗಳನ್ನು ಹೊರಗೆಳೆದರೆ ಇಡೀ ಪಂಜರ ನಾಲ್ಕೈದು ಇಂಚು ಕೆಳಗಿಳಿಯುತ್ತದೆ. ಚಾವಣಿಗೂ ಪೈಪಿಗೂ ನಡುವೆ ಕೈ ಹೋಗುತ್ತದೆ. ನಿಧಾನವಾಗಿ ಸುತ್ತಲೂ ಬೆಸೆಯಿರಿ. ಮತ್ತೆ ಎತ್ತಿ, ಪೆಟ್ಟಿಗೆಗಳನ್ನು ಒಳಗೆ ತಳ್ಳಿ, ಪೆಟ್ಟಿಗೆಯನ್ನು ಪ್ಲೇಟಿಗೂ ಪಾದವನ್ನು ಪೆಟ್ಟಿಗೆಗೂ ಬೆಸೆಯಿರಿ. ನೋಡಿ, ಪಾದ ಸರಿಯಾಗಿ ಮಾಡಿದವನಿಗೆ ತಲೆಯೂ ಸರಿಯಾಯಿತು.

ಪೈಪಿನ ವಿಷಯ ಬೇಗ ಮುಗಿಸುತ್ತೇನೆ. ಸೀಮ್‌ಲೆಸ್ ಪೈಪ್ ತನ್ನಿ, ಅಂದರೆ ಉದ್ದಕ್ಕೆ ಬೆಸುಗೆಯ ಗೆರೆ ಇಲ್ಲದ್ದು. ಎಫ್‌ಐಎ ಹೇಳುವಂತೆ ಮುಖ್ಯ ಕಮಾನಿಗೆ 45 ಮಿಲಿಮೀಟರ್ ವ್ಯಾಸ, ಎರಡೂವರೆ ಮಿಲಿಮೀಟರ್ ದಪ್ಪ. ಇಲ್ಲವೇ 50 ವ್ಯಾಸ, 2 ದಪ್ಪ. ಮುಖ್ಯ ಕಮಾನು ನಡುವೆ ಎಲ್ಲೂ ಜೋಡಣೆಯಿಲ್ಲದೆ ಒಂದೇ ಪೈಪಿನಲ್ಲಿ ಬರಬೇಕು. ಬಗ್ಗಿಸುವುದು ತಣ್ಣಗೆ. ಮರಳು ತುಂಬಿ ಬೆಂಕಿಯಲ್ಲಿ ಕಾಯಿಸಿ ಬಗ್ಗಿಸುವ ವಿದ್ಯೆ ಗೇಟಿಗೆ ಇಟ್ಟುಕೊಳ್ಳಿ. ನೀರಿನ ಜಿಐ ಪೈಪು ಬೇಡ. ಬೆಸೆಯುವಾಗ ಏಳುವ ಅದರ ಸತುವಿನ ಹೊಗೆ ಕುಡಿದರೆ ರಾತ್ರಿ ಚಳಿಜ್ವರ ಬರುತ್ತದೆ. ಇನ್ನು ಕ್ರೋಮೋಲಿ, ಅಂದರೆ ಕ್ರೋಮಿಯಂ, ಮಾಲಿಬ್ಡಿನಂ ಬೆರೆಸಿದ ಉಕ್ಕು. ಯೂಟ್ಯೂಬ್ ನೋಡಿ ಬಂದ ಹತ್ತು ಹುಡುಗರಲ್ಲಿ ಒಂಬತ್ತು ಜನ ಬಾಗಿಲಲ್ಲೇ ಕ್ರೋಮೋಲಿ ಎನ್ನುತ್ತಾರೆ. ಒಳ್ಳೆಯ ಉಕ್ಕು, ತೆಳ್ಳಗಿನ ಪೈಪೇ ಸಾಕಾಗುವುದರಿಂದ ಪಂಜರ ಹಗುರ. ಆದರೆ ಅದಕ್ಕೆ ಆರ್ಗಾನ್ ವೆಲ್ಡಿಂಗ್ ಬೇಕು, ಪಳಗಿದ ಕೈ ಬೇಕು. ಕೈ ಪಳಗದಿದ್ದರೆ ವೆಲ್ಡಿನ ಪಕ್ಕದಲ್ಲಿ ಪೆಡಸಾಗಿ ಬಿರುಕು ಬಿಡುತ್ತದೆ. ಸಾದಾ ಉಕ್ಕು, ಸಿಓಟೂ ವೆಲ್ಡಿಂಗ್, ಒಳ್ಳೆಯ ಪಾದ. ನಿಮಗೆ ಅಷ್ಟು ಸಾಕು.

ಎರಡು ಪೈಪು ಸೇರುವ ಕಡೆ ಒಂದರ ತುದಿಯನ್ನು ಮೀನಿನ ಬಾಯಿಯ ಹಾಗೆ ಕೊರೆದು ಇನ್ನೊಂದನ್ನು ಕಚ್ಚಿ ಹಿಡಿಯುವಂತೆ ಕೂರಿಸಿ. ನಡುವೆ ಬೆಳಕು ಕಾಣಿಸಿದರೆ ಮತ್ತೆ ಉಜ್ಜಿ. ಸಂದಿಯನ್ನು ವೆಲ್ಡಿನಿಂದ ತುಂಬಿಸಿದರಾಯಿತು ಎನ್ನುವವನಿಗೆ ನಾನು ಶೆಡ್ಡಿನಲ್ಲಿ ಗನ್ ಕೊಡುವುದಿಲ್ಲ. ಮುಖ್ಯ ಕಮಾನಿಗೆ ಮೂಲೆಯಿಂದ ಮೂಲೆಗೆ ಒಂದು ಓರೆ ಪೈಪು ಬೇಕೇ ಬೇಕು. ಓರೆಪಟ್ಟಿ ಇಲ್ಲದ ಗೇಟು ಎರಡು ವರ್ಷದಲ್ಲಿ ಜೋಲುವುದನ್ನು ನೋಡಿಲ್ಲವೇ?

ಚಾಸಿ ಬಲಪಡಿಸುವುದರ ಬಗ್ಗೆ ಕಾರ್ಯಕ್ರಮದವರು ವಿಶೇಷವಾಗಿ ಹೇಳಿ ಎಂದಿದ್ದರು, ನಾನು ಜ್ಯಾಕಿನ ಕತೆಯಲ್ಲೇ ಕಾಲ ಕಳೆದೆ. ಚಿಕ್ಕದಾಗಿ ಹೇಳುತ್ತೇನೆ. ಡ್ರ್ಯಾಗ್ ಕಾರು ನಿಂತಲ್ಲಿಂದ ಜಿಗಿಯುವ ಕ್ಷಣದಲ್ಲಿ ದೇಹ ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಳ್ಳುತ್ತದೆ. ಬಾಗಿಲ ಸಂದಿ ಮೇಲೊಂದು ಅಳತೆ, ಕೆಳಗೊಂದು ಅಳತೆಯಾದರೆ, ಮುಂದಿನ ಗಾಜು ಮೂಲೆಯಿಂದ ಸೀಳಿದರೆ, ಅದೇ ಲಕ್ಷಣ. ತಗಡಿನ ಅಂಚುಗಳಲ್ಲಿ, ಕಾರ್ಖಾನೆಯ ಚುಕ್ಕೆಗಳ ನಡುವೆ, ಒಂದೊಂದು ಇಂಚು ವೆಲ್ಡ್ ಹಾಕಿ ಬಿಟ್ಟು ಬಿಟ್ಟು ಹೋಗಿ. ಒಂದೇ ಕಡೆ ಉದ್ದಕ್ಕೆ ಎಳೆದರೆ ಬಿಸಿಗೆ ದೇಹವೇ ಸೊಟ್ಟಗಾಗುತ್ತದೆ. ಎಂಜಿನ್ನಿನ ತಿರುಚು ಹಿಂದಿನ ಚಕ್ರಕ್ಕೆ ಹೋಗುವ ಕಾರಾದರೆ ಕಾರಿನ ತಳದಲ್ಲಿ ಮುಂದೊಂದು ಹಿಂದೊಂದು ತುಂಡಾಗಿ ಇರುವ ಪಟ್ಟಿಗಳನ್ನು ಚೌಕ ಪೈಪಿನಿಂದ ಸೇರಿಸಿ. ವೆಲ್ಡ್ ಮಾಡುವ ಮೊದಲು ಪೆಟ್ರೋಲ್ ಟ್ಯಾಂಕ್ ಇಳಿಸಿ, ಬ್ಯಾಟರಿ ಮತ್ತು ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್, ಬಿಚ್ಚಿ. ಇದನ್ನು ಹೇಳಬೇಕಾಗಿರಲಿಲ್ಲ, ಆದರೂ ಹೇಳಬೇಕಾಗುತ್ತದೆ.

ತಾಯಂದಿರು ಕೇಳುವ ಪ್ರಶ್ನೆಯೊಂದಿದೆ. ಪಂಜರ ಅಷ್ಟು ಒಳ್ಳೆಯದಾದರೆ ದಿನಾ ಓಡಿಸುವ ಕಾರಿಗೂ ಹಾಕಿಸಬಹುದಲ್ಲ? ಬೇಡ. ಹೆಲ್ಮೆಟ್ ಇಲ್ಲದ ತಲೆಗೆ ಆ ಪೈಪೇ ಸುತ್ತಿಗೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಕಾರಿನ ಮೂಲ ರಚನೆಯನ್ನು ಹೀಗೆ ಬದಲಾಯಿಸಿ ರಸ್ತೆಗೆ ತರುವಂತೆಯೂ ಇಲ್ಲ. ರೇಸ್ ಕಾರು ರೇಸಿಗೆ ಮಾತ್ರ, ಅದು ಲಾರಿಯ ಮೇಲೆ ಹೋಗಿ ಲಾರಿಯ ಮೇಲೆ ಬರಲಿ.

ಆ ಎಸ್ಟೀಮ್ ಏನಾಯಿತು ಎಂದು ಕೇಳುತ್ತೀರಿ. ಸ್ಟೀಲನ್ನೆಲ್ಲ ಕಿತ್ತೆವು. ಹುಡುಗ ಹನ್ನೊಂದು ದಿನ ಶೆಡ್ಡಿನಲ್ಲೇ ಮಲಗಿ, ನೆಲ ಕೆರೆದು, ಅಂಚೆ ಕಾರ್ಡಿನ ಅಳತೆಗೆ ಪ್ಲೇಟ್ ಕತ್ತರಿಸಿ, ಪೀಠ ಕೂರಿಸಿ ಹೊಸ ಪಂಜರ ಕಟ್ಟಿದ. ಮತ್ತೆ ಅದೇ ಜ್ಯಾಕನ್ನು ಅದೇ ಜಾಗಕ್ಕೆ ಇಟ್ಟೆವು. ಎರಡನೆಯ ಒತ್ತಿಗೇ ಆ ಬದಿ ಏಳತೊಡಗಿತು, ಒತ್ತುತ್ತ ಹೋದಂತೆ ಮುಂದಿನ ಚಕ್ರ, ಹಿಂದಿನ ಚಕ್ರ ಎರಡೂ ನೆಲ ಬಿಟ್ಟವು. ಯಜಮಾನರು ಹಳೆಯ ಸ್ಟೀಲ್ ಪೈಪನ್ನು ವ್ಯರ್ಥ ಮಾಡಲಿಲ್ಲ, ಊರಿಗೆ ಒಯ್ದರು. ಹೋದ ವರ್ಷ ಅವರ ಮನೆಗೆ ಹೋಗಿದ್ದೆ, ಅಂಗಳದಲ್ಲಿ ಅದರ ಮೇಲೆ ಮಲ್ಲಿಗೆ ಬಳ್ಳಿ ಹಬ್ಬಿದೆ. ಗೂಟದ ಬುಡ ನೋಡಿದೆ. ಒಂದೂವರೆ ಅಡಿ ಗುಂಡಿ, ಕಾಂಕ್ರೀಟು.

ಗಾಜಿನ ಆಚೆಯಿಂದ ಕೈ ಎತ್ತಿ ತೋರಿಸುತ್ತಿದ್ದಾರೆ. ಸೀಟು, ಬೆಲ್ಟು, ತಲೆ ತಾಗುವ ಕಡೆ ಹಾಕುವ ಗಟ್ಟಿ ಪ್ಯಾಡಿಂಗ್, ಬೆಂಕಿ ಆರಿಸುವ ಸಿಲಿಂಡರ್, ಇವೆಲ್ಲ ಉಳಿದುಹೋದವು. ಪೈಪು ಕೊಳ್ಳುವ ಮೊದಲು ನೀವು ಓಡಿಸಲಿರುವ ಸ್ಪರ್ಧೆಯ ನಿಯಮಾವಳಿ ತರಿಸಿ ಓದಿ. ಓದುವಾಗ ಪಾದದ ಪುಟದಿಂದ ಶುರುಮಾಡಿ. ನಮಸ್ಕಾರ.