ಸ್ಟೋರೇಜ್ ನೋಡ್‌ನ ಕರೆಂಟ್ ಕೇಬಲ್ ಕಿತ್ತರೆ ಏನಾಗುತ್ತದೆ?

ಇಲ್ಲಿ ಸ್ಟೋರೇಜ್‌ಗೆ ಎರಡು ಸರ್ವರ್ ಇವೆ, ಒಂದೊಂದೂ ಒಂದು ನೋಡ್. ಮೂರು ವರ್ಚುವಲ್ ಮಷಿನ್‌ಗಳ ಡಿಸ್ಕ್‌ಗಳು ಅಲ್ಲಿ ಫೈಲ್‌ಗಳಾಗಿ ಇವೆ. ಕೇಬಲ್ ಕಿತ್ತಾಯ್ತು. ಸ್ಟೋರೇಜ್‌ನ ಮೊದಲನೇ ನೋಡ್ ಹೋಯ್ತು. ಎಡಗಡೆ ಪೇಸ್‌ಮೇಕರ್ ಲಾಗ್ ನೋಡ್ತಾ ಇರಿ; ಒಂದು ನೋಡ್ ಹೋದರೆ ಕೆಲಸವನ್ನು ಇನ್ನೊಂದಕ್ಕೆ ಸಾಗಿಸೋ ಸಾಫ್ಟ್‌ವೇರ್ ಅದು.

ಎರಡನೇ ನೋಡ್ ತಕ್ಷಣ ಡಿಸ್ಕ್ ಕೈಗೆ ತಗೊಳ್ಳಲಿಲ್ಲ, ಗಮನಿಸಿದ್ರಾ? ಅದೇ ಸರಿ. ಮೊದಲನೆಯದು ನಿಜವಾಗಿ ಸತ್ತಿದೆ ಅಂತ ಖಾತ್ರಿ ಆಗಬೇಕು. ಇಲ್ಲದಿದ್ದರೆ ಎರಡೂ ಕಡೆ ಬರೆದು ಸ್ಪ್ಲಿಟ್ ಬ್ರೇನ್ ಆಗುತ್ತದೆ, ಒಂದು ಕಡೆಯ ಡೇಟಾ ಎಸೆಯಲೇಬೇಕು. ಫೆನ್ಸಿಂಗ್ (ಕೈಕೊಟ್ಟ ನೋಡ್‌ನ ಕರೆಂಟ್ ಬಲವಂತವಾಗಿ ತೆಗೆಯೋದು) ಇಲ್ಲದ ಎರಡು ನೋಡ್‌ಗಿಂತ ಒಂದೇ ನೋಡ್ ವಾಸಿ.

ನೋಡಿ, ಐಪಿಎಂಐ (ಸರ್ವರ್ ಒಳಗೇ ಇರೋ ದೂರ ನಿಯಂತ್ರಣ) ಮೂಲಕ ಫೆನ್ಸಿಂಗ್ ಫೇಲ್ ಆಯ್ತು. ಅದಕ್ಕೂ ಅದೇ ಕರೆಂಟ್ ಬೇಕಲ್ವಾ! ಅದಕ್ಕೇ ಎರಡನೇ ಹಂತದಲ್ಲಿ ಪಿಡಿಯು, ಅಂದರೆ ದೂರದಿಂದ ಆಫ್ ಮಾಡಬಹುದಾದ ಪವರ್ ಸ್ಟ್ರಿಪ್, ಇಟ್ಟಿರೋದು. ಔಟ್‌ಲೆಟ್ ಆಫ್ ಆಯ್ತು. ಎರಡನೇ ನೋಡ್‌ನಲ್ಲಿ ಡಿಆರ್‌ಬಿಡಿ (ಎರಡೂ ನೋಡ್‌ಗಳ ಡಿಸ್ಕ್ ಒಂದೇ ಥರ ಇಡೋದು) ಪ್ರೈಮರಿ, ಮೌಂಟ್, ಎನ್‌ಎಫ್‌ಎಸ್ (ನೆಟ್‌ವರ್ಕ್ ಮೇಲೆ ಫೈಲ್ ಹಂಚೋದು), ಫ್ಲೋಟಿಂಗ್ ಐಪಿ (ಕೆಲಸದಲ್ಲಿರೋ ನೋಡ್‌ಗೆ ಹೋಗೋ ವಿಳಾಸ), ಎಲ್ಲಾ ಬಂತು.

ಬಲಗಡೆ ಪಿಂಗ್ ಕೂಡ ಬರುತ್ತಿದೆ. ವರ್ಚುವಲ್ ಮಷಿನ್‌ಗಳು ಮಾತ್ರ ಅಲ್ಲಾಡುತ್ತಿಲ್ಲ. ನನಗೆ ಸಿಟ್ಟು ಬರೋದು ಇಲ್ಲೇ. ಎನ್‌ಎಫ್‌ಎಸ್ 4ರಲ್ಲಿ ಗ್ರೇಸ್ ಅವಧಿ ಅಂತ ಒಂದಿದೆ. ಲಿನಕ್ಸ್‌ನಲ್ಲಿ ಏನೂ ಮುಟ್ಟದಿದ್ದರೆ 90 ಸೆಕೆಂಡ್. ಹಳೇ ಕ್ಲೈಂಟ್‌ಗಳು (ಸರ್ವರ್‌ನ ಫೈಲ್ ಬಳಸೋ ಯಂತ್ರಗಳು) ಬಂದು ಫೈಲ್‌ಗಳ ಮೇಲಿದ್ದ ತಮ್ಮ ಲಾಕ್ ವಾಪಸ್ ಕೇಳಲಿ ಅಂತ ಸರ್ವರ್ ಹೊಸಬರನ್ನು ಕಾಯಿಸುತ್ತದೆ. ಉದ್ದೇಶ ಒಳ್ಳೆಯದೇ. ಆದರೆ ಹಳಬರು ಯಾರು ಅನ್ನೋ ಪಟ್ಟಿ ಇರೋದು /ವಾರ್/ಲಿಬ್/ಎನ್‌ಎಫ್‌ಎಸ್ ಒಳಗೆ. ನಿಮಗೆ ತೋರಿಸೋಕೆ ಅದನ್ನು ಬೇಕಂತಲೇ ಸತ್ತ ನೋಡ್‌ನಲ್ಲೇ ಬಿಟ್ಟಿದ್ದೇನೆ. ಹೊಸ ಸರ್ವರ್‌ಗೆ ಈಗ ಯಾರ ಗುರುತೂ ಇಲ್ಲ. ಎಲ್ಲರೂ ಹೊಸಬರೇ, ನನ್ನ ಈ ಸೆಟಪ್‌ನಲ್ಲಿ ಎಲ್ಲರೂ ಕಾಯಬೇಕು.

ಅತ್ತ ವರ್ಚುವಲ್ ಮಷಿನ್ ಒಳಗಿನ ಲಿನಕ್ಸ್‌ನಲ್ಲಿ ಸ್ಕಸಿ ಡಿಸ್ಕ್‌ನ ಟೈಮ್‌ಔಟ್, ಅಂದರೆ ಡಿಸ್ಕ್‌ನ ಉತ್ತರಕ್ಕೆ ಕಾಯೋ ಮಿತಿ, ಏನೂ ಮುಟ್ಟದಿದ್ದರೆ 30 ಸೆಕೆಂಡ್. ಅದು ದಾಟಿದರೆ ಎರರ್ ಶುರು, ಕೊನೆಗೆ ಫೈಲ್ ಸಿಸ್ಟಂ ರೀಡ್-ಓನ್ಲಿ. ಆಮೇಲೆ ಸ್ಟೋರೇಜ್ ಬಂದರೂ ಡೇಟಾಬೇಸ್ ಬರೆಯೋಕಾಗಲ್ಲ. ಪೇಸ್‌ಮೇಕರ್ ಮಾತ್ರ ಎಲ್ಲಾ ಸರಿ ಇದೆ ಅಂತ ತೋರಿಸುತ್ತಿರುತ್ತದೆ! ನಾನು ಟೈಮ್‌ಔಟ್ 180ಕ್ಕೆ ಏರಿಸಿಟ್ಟಿದ್ದೇನೆ, ಅದಕ್ಕೇ ಇವು ಸುಮ್ನೆ ಕೂತಿವೆ.

ಫ್ಯಾನ್ ಸದ್ದು ಜಾಸ್ತಿ, ಕ್ಷಮಿಸಿ. ಕಾಯುವಷ್ಟರಲ್ಲಿ ಒಂದು ಮಾತು. ಇದನ್ನೆಲ್ಲ ಬಿಟ್ಟು ಐಸ್ಕಸಿಗೆ (ನೆಟ್‌ವರ್ಕ್ ಮೇಲೆ ಫೈಲ್ ಬದಲು ಡಿಸ್ಕನ್ನೇ ಕೊಡೋದು) ಹೋಗೋಣ ಅನಿಸುತ್ತದೆ, ಅಲ್ಲಿ ಈ ಗ್ರೇಸ್ ಕಾಟವೇ ಇಲ್ಲ. ಆದರೆ ಮಷಿನ್ ಒಂದು ಫೈಲ್ ಆಗಿ ಕಣ್ಣೆದುರಿಗೆ ಇರೋ ಸುಖ ಅಲ್ಲೆಲ್ಲಿ? ನಕಲು ತೆಗೆಯೋದು, ಸರಿಸೋದು ಎಷ್ಟು ಸುಲಭ. ಬೇಡ, ಎನ್‌ಎಫ್‌ಎಸ್ಸೇ ಇರಲಿ. ಇನ್ನು, ನೆಟ್‌ವರ್ಕ್ ಸ್ವಿಚ್ ಕೂಡ ಒಂದೇ ಇದ್ದರೆ... ಓ, ಎದ್ದವು ನೋಡಿ! ಮೂರೂ ಮಷಿನ್ ಬರೆಯುತ್ತಿವೆ.

ಈಗ ಆ ಹಳಬರ ಪಟ್ಟಿಯನ್ನು ಡಿಆರ್‌ಬಿಡಿ ಡಿಸ್ಕ್ ಮೇಲೆ ಹಾಕಿದೆ. ಕೇಬಲ್ ವಾಪಸ್ ಚುಚ್ಚಿದೆ. ಬದಲಾದ ಬ್ಲಾಕ್‌ಗಳು ಮಾತ್ರ ಸಿಂಕ್ ಆಗುತ್ತಿವೆ. ಅದು ಮುಗಿಯೋ ತನಕ ಇನ್ನೊಂದು ನೋಡ್ ಮುಟ್ಟೋ ಹಾಗಿಲ್ಲ. ಮುಗಿದ ಮೇಲೆ ಮತ್ತೆ ಕೀಳೋಣ.